ರೊಪ್ಪದಲ್ಲಿ ಮೂಡಿದ ಬೂಟಿನ ಗುರುತು

"ಮೇಡಂ, ಒಂದು ಮಾತು ಕೇಳ್ಲಾ? ಕುರಿ ರೊಪ್ಪದೊಳಕ್ಕೆ ಹೋಗುವಾಗ ನೀವು ಬೂಟು ಬಿಚ್ಚಿದ್ರಾ?"

ಸಬ್ ಇನ್‌ಸ್ಪೆಕ್ಟರ್ ಆಶಾರಾಣಿ ಲಾಕಪ್ಪಿನ ಸರಳುಗಳಾಚೆ ಕೂತಿದ್ದ ಯೂನುಸ್‌ನನ್ನು ನೋಡಿದಳು. ಹಿಂದಿನ ಸಂಜೆ ಹಿಡಿದು ತಂದಾಗಿನಿಂದ ಹುಡುಗ ತಾನಾಗಿ ಬಾಯಿ ಬಿಟ್ಟದ್ದು ಇದೇ ಮೊದಲು. ತಾನು ಕೊಲೆಗಾರನಲ್ಲ ಅಂತ ಅಳಲಿಲ್ಲ, ಅಮ್ಮಿಯನ್ನು ಕರೆಸಿ ಅಂತ ಬೇಡಲಿಲ್ಲ. ಪೊಲೀಸರ ಬೂಟಿನ ವಿಚಾರ ಕೇಳುತ್ತಿದ್ದ.

ಆಶಾರಾಣಿ ಬಿಚ್ಚಿರಲಿಲ್ಲ. ಬುಕ್ಕಾಪಟ್ಟಣದಾಚೆಯ ಗೊಲ್ಲರ ಹಟ್ಟಿಯಲ್ಲಿ, ಮುಳ್ಳುಬೇಲಿಯ ಕುರಿ ರೊಪ್ಪದೊಳಗೆ ಹನುಮಂತರಾಜುವಿನ ಹೆಣ ಬಿದ್ದಿದೆ ಎಂದು ಸುದ್ದಿ ಬಂದ ಮಂಗಳವಾರ ಬೆಳಿಗ್ಗೆ ಠಾಣೆಯವರೆಲ್ಲ ಬೂಟುಗಾಲಲ್ಲೇ ಒಳಗೆ ನುಗ್ಗಿದ್ದರು. ಹೆಣ ನೋಡಿ ಅಳುತ್ತಿದ್ದ ಹೆಂಗಸರು ಪೊಲೀಸರ ಕಾಲು ನೋಡಿ ಇನ್ನೂ ಜೋರಾಗಿ ಅತ್ತಿದ್ದರು. ಯಾಕೆಂದು ಕೇಳುವ ವ್ಯವಧಾನ ಆಗ ಯಾರಿಗಿತ್ತು?

"ಇಲ್ಲ. ಯಾಕೆ?"

"ನಾನು ಬಿಚ್ತೀನಿ. ಐದನೇ ಕ್ಲಾಸಿಂದ ಆ ಹಟ್ಟಿಗೆ ಹೋಗ್ತಿದೀನಿ. ಜುಂಜಮ್ಮವ್ವನ ಕೈಯಲ್ಲಿ ಹಾಲು ಕುಡ್ದು ಬೆಳ್ದೋನು ನಾನು. ರೊಪ್ಪದೊಳಕ್ಕೆ ಮೆಟ್ಟು ಹಾಕ್ಕೊಂಡು ಯಾರೂ ಹೋಗಲ್ಲ ಮೇಡಂ. ಅದು ಅವ್ರಿಗೆ ಗುಡಿ ಇದ್ದಂಗೆ. ನಾವು ಮಸೀದಿ ಬಾಗ್ಲಲ್ಲಿ ಬಿಡಲ್ವಾ, ಹಂಗೆ. ಖುದಾ ಕಸಂ, ರಾಜೂನ ಕೊಲ್ಲೋಕೇ ಹೋಗಿದ್ರೂ ನಾನು ಬೂಟು ಆಚೆ ಬಿಟ್ಟೇ ಹೋಗ್ತಿದ್ದೆ."

"ಚೂಡಂಡಿ ಮೇಡಂ, ಎಂಥಾ ಮಾತು ಬಂತು ಬಾಯಿಂದ!" ಎಂದು ಹೆಡ್ ಕಾನ್‌ಸ್ಟೇಬಲ್ ಕದರಪ್ಪ ಸಿಡಿದ. ಪಾವಗಡದವನು. ರೇಗಿದಾಗಲೆಲ್ಲ ಅವನ ಕನ್ನಡ ಆಂಧ್ರದ ಗಡಿ ದಾಟಿಬಿಡುತ್ತಿತ್ತು.

ಆಶಾರಾಣಿ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದಳು.

ಇಡೀ ಕೇಸು ನಿಂತಿದ್ದದ್ದೇ ಆ ಬೂಟಿನ ಮೇಲೆ. ಫುಟ್ಸಾಲ್ ಎಂದರೆ ಗಟ್ಟಿ ನೆಲದ ಮೇಲೆ ಐದೈದು ಜನ ಆಡುವ ಸಣ್ಣ ಫುಟ್‌ಬಾಲು. ಅದರ ಬೂಟಿಗೆ ಮೊಳೆ ಇರುವುದಿಲ್ಲ, ಅಡಿ ಸಪಾಟಾದ ರಬ್ಬರು. ಯೂನುಸ್‌ನ ಎಡಗಾಲಿನ ಬೂಟಿಗೆ ಹೆಬ್ಬೆರಳಿನ ಹತ್ತಿರ ಸೈಕಲ್ ಟ್ಯೂಬಿನ ತೇಪೆ ಹಾಕಿತ್ತು. ಆ ತೇಪೆಯ ಗುರುತು ರೊಪ್ಪದ ನೆಲದ ತುಂಬ ಮೂಡಿತ್ತು. ಬೂಟು ಹಟ್ಟಿಯ ಹೊರಗಿನ ಜಾಲಿಪೊದೆಯಲ್ಲಿ ಸಿಕ್ಕಿತ್ತು. ಇದು ಯೂನುಸ್‌ನದೇ ಎಂದು ಗುರುತು ಹಿಡಿದು ಠಾಣೆಯಲ್ಲೇ ಕಣ್ಣೀರು ಹಾಕಿದವರು ಕೋಚ್ ವೆಂಕಟರಾಮಯ್ಯ ಮೇಷ್ಟ್ರು.

ಮಧುಗಿರಿಯಲ್ಲಿ ಡ್ರಿಲ್ ಮಾಸ್ತರಾಗಿ ರಿಟೈರಾದ ಈ ಮನುಷ್ಯ ಸಿರಾದ ಹಳೇ ಕಡಲೆಕಾಯಿ ಗೋಡೌನಿನಲ್ಲಿ ಹುಡುಗರನ್ನು ಕಲೆಹಾಕಿ ತಂಡ ಕಟ್ಟಿದ್ದರು. ಕಸಬಾದ ಮುಸಲ್ಮಾನರ ಹುಡುಗರು, ಹಟ್ಟಿಗಳ ಕುರಿ ಕಾಯುವ ಹುಡುಗರು. ಅವರೇ ದೇಶವನ್ನೆಲ್ಲ ಗೆದ್ದು, ಬ್ಯಾಂಕಾಕಿನಲ್ಲಿ ನಡೆಯುವ ಏಷ್ಯಾದ ಕ್ಲಬ್ಬುಗಳ ಚಾಂಪಿಯನ್‌ಶಿಪ್ಪಿಗೆ ಹೊರಟು ನಿಂತಾಗ ಊರಿಗೆ ಊರೇ ಫ್ಲೆಕ್ಸ್ ಕಟ್ಟಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೋಲ್‌ಕೀಪರ್ ಹನುಮಂತರಾಜು ಮಸಣದಲ್ಲಿ, ಕ್ಯಾಪ್ಟನ್ ಯೂನುಸ್ ಲಾಕಪ್ಪಿನಲ್ಲಿ. ಉಳಿದವರನ್ನು ಕರೆದುಕೊಂಡು ಮೇಷ್ಟ್ರು ಇವತ್ತು ಬೆಳಿಗ್ಗೆ ಬಸ್ ಹತ್ತಿದ್ದರು. ಹೋಗುವ ಮುಂಚೆ ಠಾಣೆಗೆ ಬಂದು, "ಹುಡುಗನ್ನ ಹೊಡೀಬೇಡಿ ಮೇಡಂ, ನನ್ನ ಮಗನಿದ್ದಂಗೆ" ಎಂದು ಕೈ ಮುಗಿದು ಹೋಗಿದ್ದರು.

"ಸೋಮವಾರ ನೀನು, ರಾಜು ಹಟ್ಟಿ ಹತ್ರ ಯಾಕೆ ಜಗಳ ಆಡಿದ್ರಿ?" ಆಶಾರಾಣಿ ಕೇಳಿದಳು.

"ನಾನು ಬ್ಯಾಂಕಾಕಿಗೆ ಬರಲ್ಲ ಅಂದ. ನೀನೂ ಹೋಗ್ಬೇಡ ಅಂದ. ಯಾಕೋ ಅಂದ್ರೆ, ನಾಳೆ ಹೇಳ್ತೀನಿ ಅಂತಾನೆ. ನಾವಿಬ್ರೂ ಒಂದೇ ಜೊತೆ ಬೂಟಲ್ಲಿ ಸರದಿ ಮೇಲೆ ಆಡಿ ಕಲ್ತೋರು ಮೇಡಂ. ನಂಗೆ ತಲೆ ಕೆಟ್ಟೋಯ್ತು. ನೀನಿಲ್ದೆ ನಾನು ಯಾರ ಜೊತೆ ಆಡ್ಲಿ, ತಗೋ ಅಂತ ಬೂಟು ಬೇಲಿ ಹತ್ರಾನೇ ಬಿಟ್ಟು ಬರಿಗಾಲಲ್ಲಿ ಗಾಡಿ ಹತ್ತಿ ಬಂದೆ. ಅವನು ಕೂಗ್ತಾನೇ ಇದ್ದ. ತಿರುಗಿ ನೋಡಲಿಲ್ಲ."

ಇಷ್ಟು ದಿನ ಪೊಲೀಸ್ ಕೆಲಸ ಮಾಡಿ ಆಶಾರಾಣಿ ಕಲಿತದ್ದು ಒಂದೇ: ಸುಳ್ಳು ಹೇಳುವವನು ತನಗೆ ಅನುಕೂಲವಾಗುವ ಮಾತನ್ನೇ ಹೇಳುತ್ತಾನೆ. ಇವನು ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆಯುತ್ತಿದ್ದ.

ಸಂಜೆಯೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಒಮ್ಮೆ ಕೊಲೆಗಾರ ಎಂದು ಆ ಬಾಗಿಲು ದಾಟಿದರೆ, ಹೊರಗೆ ಬರುವ ಹೊತ್ತಿಗೆ ಅವನ ಗಡ್ಡ ಬೆಳ್ಳಗಾಗಿರುತ್ತದೆ.

"ಕದರಪ್ಪ, ಜೀಪು ತೆಗಿ. ಹಟ್ಟಿಗೆ ಹೋಗೋಣ."

* * *

ಈ ಸಲ ಆಶಾರಾಣಿ ಬೇಲಿಯ ಹೊರಗೆ ಬೂಟು ಬಿಚ್ಚಿದಳು, ಸಾಕ್ಸನ್ನೂ ಬಿಚ್ಚಿದಳು. ಕದರಪ್ಪ ಗೊಣಗಿಕೊಂಡೇ ಬಿಚ್ಚಿದ. ದೂರದಲ್ಲಿ ಬೇವಿನ ಮರದ ಕೆಳಗೆ ಕಂಬಳಿ ಹೊದ್ದು ಕೂತಿದ್ದ ಜುಂಜಮ್ಮ, ಸತ್ತವನ ತಾಯಿ, ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದಳು.

ಕುರಿಗಳೆಲ್ಲ ತಾವರೆಕೆರೆ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ಬಿದ್ದಿದ್ದವು. ರೊಪ್ಪದಲ್ಲಿ ಉಳಿದಿದ್ದದ್ದು ಮೂಲೆಯ ತಟ್ಟಿಯೊಳಗಿನ ಒಂದೆರಡು ಈದ ಕುರಿ, ಅವುಗಳ ಮರಿ. ಹಾಗಾಗಿ ನೆಲ ತುಳಿದು ಹಾಳಾಗಿರಲಿಲ್ಲ. ಹೆಣ ಬಿದ್ದ ಜಾಗದ ಸುತ್ತ ಪೊಲೀಸರು ಮಂಕರಿ ಬುಟ್ಟಿ ಕವುಚಿ ಗುರುತುಗಳನ್ನು ಕಾಪಾಡಿದ್ದರು.

ಆಶಾರಾಣಿ ಒಂದು ಮಂಕರಿ ಎತ್ತಿ, ಮಂಡಿಯೂರಿ ಕೂತಳು.

ಕುರಿ ಹಿಕ್ಕೆಯ ಪುಡಿಯಲ್ಲಿ ರಕ್ತ ಇಂಗಿ ಕಪ್ಪಗೆ ಹೆಪ್ಪುಗಟ್ಟಿತ್ತು. ಆ ಹೆಪ್ಪಿನ ಮೇಲೆ ತೇಪೆಯ ಬೂಟಿನ ಗುರುತು. ಅಂಚಿನಲ್ಲಿ ಒಣಗಿದ ಹಪ್ಪಳ ಮುರಿದಂತೆ ಬಿರುಕು ಬಿಟ್ಟಿತ್ತು. ಹಸಿ ರಕ್ತ ತುಳಿದಿದ್ದರೆ ಬೂಟಿಗೆ ಮೆತ್ತಿಕೊಳ್ಳುತ್ತಿತ್ತು, ಮುಂದಿನ ಹೆಜ್ಜೆಗಳಲ್ಲಿ ಕೆಂಪು ಕಾಣುತ್ತಿತ್ತು. ಅದು ಎಲ್ಲೂ ಇರಲಿಲ್ಲ.

"ಇಲ್ಲಿ ನೋಡು ಕದರಪ್ಪ. ರಾಜು ಸತ್ತು, ರಕ್ತ ಒಣಗಿದ ಮೇಲೆ ಬಂದ ಬೂಟು ಇದು."

"ಅಂಟೇ? ಅಂದ್ರೆ ಕೊಂದೋನು ಮತ್ತೆ ವಾಪಸ್ ಬಂದ್ನಾ?"

"ಗುರುತು ಮೂಡಿಸೋಕೆ ಅಂತಲೇ ಯಾರೋ ಬಂದಿದಾರೆ. ನೋಡು, ಹೆಣದ ಸುತ್ತ ಒಂದು ಪ್ರದಕ್ಷಿಣೆ ಹಾಕಿದಾರೆ. ಕೊಲೆ ಮಾಡೋನು ಪ್ರದಕ್ಷಿಣೆ ಹಾಕ್ತಾನಾ?"

ಕದರಪ್ಪ ಮೊದಲ ಸಲ ಗಂಭೀರನಾದ. "ಅಂದ್ರೆ ಹೊರಗಿನೋನೇ ಮೇಡಂ. ಹಟ್ಟಿಯೋರು ಬೂಟು ಹಾಕಲ್ಲ ಅಂದ್ನಲ್ಲ ಆ ಹುಡುಗ."

ಆಶಾರಾಣಿಯೂ ಹಾದಿಯುದ್ದಕ್ಕೂ ಹಾಗೇ ಅಂದುಕೊಂಡು ಬಂದಿದ್ದಳು. ಈ ಕಟ್ಟಳೆ ಗೊತ್ತಿಲ್ಲದ ಯಾರೋ ಪರ ಊರಿನವರು ಎಂದು. ಅಷ್ಟರಲ್ಲಿ ತಟ್ಟಿಯೊಳಗಿನ ಮರಿಯೊಂದು ತಾಯಿ ಮೊಲೆ ಸಿಗದೆ ಒಂದೇ ಸಮನೆ ಅರಚತೊಡಗಿತು.

ಬೇಲಿಯ ಹೊರಗೆ ನಿಂತಿದ್ದವರು ಸಣ್ಣರಂಗಯ್ಯ. ಜುಂಜಮ್ಮನ ಅಣ್ಣ, ಹಟ್ಟಿಯ ಹಿರಿಯ, ಈ ರೊಪ್ಪದ ಯಜಮಾನ. ತಾಯಿಯಿಲ್ಲದ ಅವರ ಒಬ್ಬನೇ ಮಗ ಚಿತ್ತೇಶ ತಂಡದ ಎರಡನೇ ಗೋಲ್‌ಕೀಪರ್. ರಾಜು ಸತ್ತ ಮೇಲೆ ಅವನ ಜಾಗದಲ್ಲಿ ನಿಲ್ಲಬೇಕಾದವನು. ಮರಿ ಅರಚಿದಾಗ ಸಣ್ಣರಂಗಯ್ಯನವರ ಮೈಯೆಲ್ಲ ಒಮ್ಮೆ ಮುಂದಕ್ಕೆ ವಾಲಿತು. ಕಾಲು ಮಾತ್ರ ನಿಂತಲ್ಲೇ ಇತ್ತು.

"ಯಶೋದಾ! ಮರೀಗೆ ಮೊಲೆ ಹಿಡ್ಸು ಬಾರಮ್ಮಿ" ಎಂದು ಕೂಗಿದರು.

ತಮ್ಮನ ಹೆಂಡತಿ ಯಶೋದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಇವತ್ತು ರೊಟ್ಟಿ ಸುಟ್ಟಂಗೇ ಕಣ್ ಬಾವ" ಎಂದು ಬೈದುಕೊಂಡೇ ಒಳಗೆ ಬಂದಳು. ಮರಿಯನ್ನು ತಾಯಿಯ ಮೊಲೆಗೆ ಹಿಡಿಸುತ್ತ ಆಶಾರಾಣಿಯ ಕಡೆ ತಿರುಗಿ, "ರಾಜ ಓದಾಗಿಂದ ಇಂಗೇ ಮೇಡಮ್ಮ. ರೊಪ್ಪದ್ ಕೆಲ್ಸ ಎಲ್ಲಾ ನನ್ ತಲೇಗೇ ಕಟ್ಬುಟ್ಟವ್ನೆ" ಎಂದಳು.

ಆಶಾರಾಣಿ ಎದ್ದು ನಿಂತಳು.

ಮಂಗಳವಾರ ಹೆಣ ಎತ್ತುವಾಗಲೂ ಈ ಮನುಷ್ಯ ಬೇಲಿಯಾಚೆಯೇ ಇದ್ದರು. ತಂಗಿಯ ಮಗನ ಹೆಣಕ್ಕೆ ಹೆಗಲು ಕೊಡಲು ರೊಪ್ಪದ ಹೊರಗೆ ಕಾದು ನಿಂತಿದ್ದರು. ಅದನ್ನು ಆಗ ದುಃಖ ಎಂದುಕೊಂಡಿದ್ದೆನಲ್ಲ ಎಂದು ಆಕೆ ತನ್ನನ್ನೇ ಬೈದುಕೊಂಡಳು. ಯಶೋದ ಹೊರಟು ಹೋಗುವವರೆಗೆ ಕಾದು, ನಿಧಾನವಾಗಿ ಬೇಲಿಯ ಹತ್ತಿರ ಬಂದಳು. ಈಚೆ ಆಕೆ, ಆಚೆ ಅವರು. ನಡುವೆ ಎದೆಯೆತ್ತರದ ಮುಳ್ಳು.

"ಯಜಮಾನ್ರೇ, ಸ್ವಲ್ಪ ಒಳಗೆ ಬನ್ನಿ. ಹೆಣ ಹೆಂಗೆ ಬಿದ್ದಿತ್ತು ಅಂತ ತೋರಿಸಿ."

"ಇಲ್ಲಿಂದ್ಲೇ ಏಳ್ತೀನಿ ತಾಯಿ. ಮಂಡಿ ಇಡ್ಕಂಡದೆ."

"ಬೆಳಿಗ್ಗೆ ಸಿರಾಕ್ಕೆ ಗಾಡಿ ಓಡಿಸ್ಕೊಂಡು ಹೋಗಿ ಬಂದ್ರಂತೆ. ಮಂಡಿ ಆಗ ಇರಲಿಲ್ವಾ?"

ಅವರು ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡರು.

"ಹೋಗ್ಲಿ, ಒಂದು ಮಾತು ಹೇಳಿ. ನಮ್ಮೋರು ಬೂಟಲ್ಲಿ ಬಂದು ತಪ್ಪು ಮಾಡಿದ್ರು. ಅದಕ್ಕೆ ನಾವೇನು ಮಾಡಬೇಕು?"

"ನೀವು ತಿಳೀದೋರು. ತಿಳೀದೋರ ತಪ್ಪ ದ್ಯಾವ್ರು ಎತ್ತಾಡಲ್ಲ. ತೀರ್ಥ ಆಕ್ಸಿದ್ವಿ, ಆಯ್ತು."

"ತಿಳಿದು ಮಾಡಿದೋರು?"

ಸಣ್ಣರಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡರು. "ಹಟ್ಟಿ ಮುಂದೆ ನಿಂತು ಒಪ್ಕಂಬೇಕು. ನಮ್ ದ್ಯಾವ್ರು ಜುಂಜಪ್ಪಂಗೆ ತಪ್ಪುಕಾಣಿಕೆ ಕಟ್ಬೇಕು. ಅಲ್ಲೀತಂಕ ರೊಪ್ಪಕ್ಕೆ ಕಾಲಿಕ್ಕಂಗಿಲ್ಲ."

"ಒಪ್ಪಿಕೊಳ್ಳದೆ ಕಾಣಿಕೆ ಕಟ್ಟೋ ಹಂಗಿಲ್ಲ. ಒಪ್ಪಿಕೊಂಡ್ರೆ ಪೊಲೀಸರು ಬರ್ತಾರೆ. ಅದಕ್ಕೇ ಅಲ್ವಾ ಯಜಮಾನ್ರೇ, ನೀವು ಆವತ್ತಿಂದ ನಿಮ್ಮ ರೊಪ್ಪದ ಬಾಗಿಲಲ್ಲೇ ಪರದೇಶಿ ಥರ ನಿಂತಿರೋದು?"

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರೆ. ಕುರಿ ಕಾಯುವವನು ಎಷ್ಟು ದಿನ ರೊಪ್ಪದಿಂದ ತಪ್ಪಿಸಿಕೊಂಡಾನು? ಪೊಲೀಸರ ಮುಂದೆ ಕಲ್ಲಿನಂತೆ ನಿಂತು ಸುಳ್ಳು ಹೇಳಿದ್ದ ಮನುಷ್ಯ ಜುಂಜಪ್ಪನ ಮುಂದೆ ಹೇಳಲಾರದೆ ಹೋಗಿದ್ದರು. ಆಶಾರಾಣಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಮರುಕ.

"ಬೂಟು ಹಾಕ್ಕೊಂಡು ಒಳಗೆ ನಡೆದೋರು ನೀವು."

ಸಣ್ಣರಂಗಯ್ಯ ಅಲ್ಲೇ ನೆಲದ ಮೇಲೆ ಕುಸಿದು ಕೂತರು.

"ಊನವ್ವ, ನಾನೇ. ಆದ್ರೆ ಹೊಡ್ದೋನು ನಾನಲ್ಲ. ನನ್ ತಂಗಿ ಮಗನ್ನ ನಾನು ಹೊಡ್ದೇನಾ?"

"ಹಂಗಾದ್ರೆ ಯಾಕೆ ಮಾಡಿದ್ರಿ?"

"ಬೂಟಿನ್ ಗುರ್ತು ಕಂಡ್ರೆ ಹಟ್ಟಿಯೋರಲ್ಲ ಅಂತ ಯಾರಾದ್ರೂ ಏಳ್ತಾರೆ. ಅದ್ಕೆ. ಬ್ಯಾರೆ ಏನೂ ಒಳೀಲಿಲ್ಲ."

"ಅವು ಯೂನುಸನ ಬೂಟು ಅಂತ ಗೊತ್ತಿರಲಿಲ್ವಾ?"

ಮುದುಕ ತಲೆ ತಗ್ಗಿಸಿಕೊಂಡೇ, "ಗೊತ್ತಿತ್ತು" ಎಂದರು.

ಆ ಒಂದು ಮಾತಿಗೆ ಕದರಪ್ಪನಂಥ ಕದರಪ್ಪನೂ ಮುಖ ಬೇರೆ ಕಡೆ ತಿರುಗಿಸಿದ. ಇದೇ ಹಟ್ಟಿಯ ಹಾಲು ಕುಡಿದು ಬೆಳೆದ ಹುಡುಗನನ್ನು ಇದೇ ಹಟ್ಟಿಯ ಹಿರಿಯ ನೇಣಿಗೆ ಕೊಡಲು ಹೊರಟಿದ್ದರು. ಎಂಥ ಪಾಪಿಯೂ ಇಂಥದ್ದನ್ನು ಸುಮ್ಮಸುಮ್ಮನೆ ಮಾಡುವುದಿಲ್ಲ. ಇದಕ್ಕಿಂತ ಹತ್ತಿರದ ಕರುಳೊಂದು ಎಳೆಯಬೇಕು.

"ಚಿತ್ತೇಶನಾ?" ಆಶಾರಾಣಿ ಮೆಲ್ಲಗೆ ಕೇಳಿದಳು.

ಸಣ್ಣರಂಗಯ್ಯ ಗಳಗಳ ಅತ್ತುಬಿಟ್ಟರು. "ಒತ್ತು ಮುಳುಗೋ ಟೇಮು ಅವ್ವ. ರೊಪ್ಪದಿಂದ ಓಡಿ ಬಂದ. ಕೈಯೆಲ್ಲಾ ರಗ್ತ. ಒಳೀಕ್ ನೋಡಿದ್ರೆ ರಾಜ ಬಿದ್ದವ್ನೆ, ಉಸ್ರಿಲ್ಲ. ಅಪ್ಪಾ ಅಪ್ಪಾ ಅಂತ ಏನೋ ಏಳಕ್ ಬಂದ. ನಾನು ಬಾಯ್ ಮುಚ್ಚು, ಈ ಮಾತು ಜಲ್ಮದಲ್ಲಿ ಎತ್ಬ್ಯಾಡ ಅಂತ ಕೆನ್ನೇಗ್ ಬಾರ್ಸಿ ಮನೆಗಟ್ಟಿದೆ. ಕತ್ಲಾದ್ ಮ್ಯಾಲೆ ಬಂದು ಆ ಪಾಪದ್ ಕೆಲ್ಸ ಮಾಡ್ದೆ. ಇಬ್ರೂ ಗೋಲಿಗ್ ನಿಲ್ಲೋರು. ಒಬ್ಬಂಗ್ ಜಾಗ ಸಿಕ್ರೆ ಇನ್ನೊಬ್ಬಂಗಿಲ್ಲ. ಅದ್ಕೇ ಏನೋ ಆಗೋಗದೆ ಅಂದ್ಕಂಡೆ."

"ಮಗನ್ನ ಕೇಳಲೇ ಇಲ್ವಾ?"

"ಏನಂತ ಕೇಳ್ಲಿ ತಾಯಿ? ಊ ಅಂದ್ಬುಟ್ರೆ?"

ಆಶಾರಾಣಿ ಆಗಲೇ ಫೋನ್ ತೆಗೆದಿದ್ದಳು. ತಂಡದ ಬಸ್ಸು ಸಿರಾ ಬಿಟ್ಟು, ಮಧುಗಿರಿ ದಾಟಿ ದೇವನಹಳ್ಳಿಯ ಏರ್‌ಪೋರ್ಟಿನ ದಾರಿ ಹಿಡಿದಿರಬೇಕು. ಕೊರಟಗೆರೆಯ ಪೊಲೀಸರಿಗೆ ಫೋನ್ ಮಾಡಿ, ಬಸ್ಸಿನ ನಂಬರು ಕೊಟ್ಟು, "ತಡೆದು ನಿಲ್ಲಿಸಿ. ಚಿತ್ತೇಶ ಅನ್ನೋ ಹುಡುಗನ್ನ ಕೆಳಗಿಳಿಸಿ" ಎಂದಳು.

ಫೋನ್ ಇಡುವಷ್ಟರಲ್ಲಿ ಯಾರೋ ಆಕೆಯ ತೋಳು ಹಿಡಿದು ಜಗ್ಗಿದರು.

ಜುಂಜಮ್ಮ. ಬೇವಿನ ಮರದ ಕೆಳಗಿಂದ ಯಾವಾಗ ಎದ್ದು, ಯಾವಾಗ ರೊಪ್ಪದೊಳಗೆ ಬಂದಳೋ. ಮಗ ಸತ್ತಾಗಿನಿಂದ ಒಂದು ತೊಟ್ಟು ಗಂಜಿಯನ್ನೂ ನೆಟ್ಟಗೆ ಕುಡಿಯದ ಹೆಂಗಸಿನ ಹಿಡಿತ ಕಬ್ಬಿಣದಂತಿತ್ತು.

"ಏನ್ ಮಾಡ್ಬುಟ್ಟೆ ಮಗ್ಳೇ? ಬಸ್ ನಿಲ್ಲಿಸ್ಬ್ಯಾಡ ಅನ್ನು. ಬ್ಯಾಗ ಅನ್ನು!"

"ಯಾಕಮ್ಮ? ನಿಮ್ಮ ಮಗನ್ನ ಕೊಂದೋನು ಅವನು."

"ಚಿತ್ತೇಶ ಹೊಡ್ದೋನಲ್ಲ ಕಣವ್ವ, ನೋಡ್ದೋನು!"

ಸಣ್ಣರಂಗಯ್ಯ ಬೇಲಿಯಾಚೆ ತಟ್ಟನೆ ತಲೆಯೆತ್ತಿದರು.

"ಇವತ್ ಒಂಟಾಗ ನನ್ ಕಾಲಿಗ್ ಬಿದ್ದ. ಬಿದ್ದೋನು ಕಿವೀಲಿ ಅಂದ. ಅತ್ತೆ, ರಾಜನ್ನ ಹೊಡ್ದಿದ್ದ ನಾನು ಕಣ್ಣಾರ ಕಂಡೆ, ನಾನು ನೋಡಿದ್ದು ಅವ್ರಿಗೂ ಗೊತ್ತು, ಬಸ್ನಾಗೆ ನನ್ ಪಕ್ಕದಾಗೇ ಕೂತ್ಕಂತಾರೆ, ನಾನು ಬಾಯ್ ಬುಟ್ರೆ ನಾನೂ ಇರಲ್ಲ ಅಂದ. ಯಾರ್ಲಾ ಅಂತ ಕೇಳಾ ಒತ್ಗೆ ಇವ್ನು ಗಾಡಿ ಮ್ಯಾಲ್ ಕೂರಿಸ್ಕಂಡ್ ಒಂಟೋದ." ಆಕೆ ಅಣ್ಣನ ಕಡೆ ಬೆರಳು ಮಾಡಿದಳು. "ಒಬ್ಬ ಓದ. ಇನ್ನೊಬ್ಬನ್ ಜೀವ ಉಳೀಲಿ ಅಂತ ಬಾಯ್ ಒಲ್ಕಂಡ್ ಕೂತಿದ್ನಲ್ಲವ್ವ. ಪೊಲೀಸು ಬಂದು ಅವ್ನ ಎಸ್ರಿಡ್ದು ಕರದ್ರೆ, ಅವ್ರು ಏನಂದ್ಕಂತಾರೆ?"

ಆಶಾರಾಣಿ ಮತ್ತೆ ಕೊರಟಗೆರೆಯ ನಂಬರು ಒತ್ತಿದಳು. ಬ್ಯುಸಿ. ಮತ್ತೊಮ್ಮೆ ಒತ್ತುವ ಮುಂಚೆ ಅಲ್ಲಿಂದಲೇ ಫೋನು ಬಂತು.

"ಮೇಡಂ, ಬಸ್ ನಿಲ್ಸಿದೀವಿ. ನೀವು ಹೇಳಿದ ಹುಡುಗ ಇದರಲ್ಲಿಲ್ಲ."

"ಇಲ್ಲ ಅಂದ್ರೆ?"

"ಎರಡು ಸೀಟು ಖಾಲಿ ಇದಾವೆ. ಮಧುಗಿರಿಯಲ್ಲಿ ಟೀಗೆ ನಿಲ್ಲಿಸಿದಾಗ ಇಬ್ಬರು ಇಳಿದು, ನೀವು ಹೋಗ್ತಿರಿ, ನಾವು ಕಾರಲ್ಲಿ ಬರ್ತೀವಿ ಅಂದ್ರಂತೆ."

"ಹುಡುಗನ ಜೊತೆ ಇಳಿದೋರು ಯಾರು?"

ಆ ಕಡೆಯ ದನಿ ಬಸ್ಸಿನೊಳಗೆ ಯಾರನ್ನೋ ಕೇಳಿತು. ಆಮೇಲೆ ಹೇಳಿತು.

ಠಾಣೆಯ ಮೇಜಿನ ಮುಂದೆ ಕೂತು, ಇದು ನನ್ನ ಯೂನುಸನ ಬೂಟೇ ಎಂದು ಅತ್ತ ಮನುಷ್ಯ ಆಶಾರಾಣಿಯ ಕಣ್ಣ ಮುಂದೆ ಬಂದ. ಆ ಕಣ್ಣೀರು ನೋಡಿ ತಾನೇ ಕುಡಿಯಲು ನೀರು ತರಿಸಿ ಕೊಟ್ಟಿದ್ದಳು. ಬ್ಯಾಂಕಾಕಿಗೆ ಹೋಗಬೇಡ ಎಂದ ರಾಜು 'ನಾಳೆ ಹೇಳ್ತೀನಿ' ಎಂದದ್ದು ಈ ಮನುಷ್ಯನ ಯಾವುದೋ ಗುಟ್ಟನ್ನೇ ಇರಬೇಕು.

"ಯಾರು ಮೇಡಂ?" ಕದರಪ್ಪ ಕೇಳಿದ.

"ವೆಂಕಟರಾಮಯ್ಯ ಮೇಷ್ಟ್ರು."

ಸಣ್ಣರಂಗಯ್ಯ ಮುಳ್ಳುಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತರು. ಅಂಗೈಗೆ ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

"ಅವ್ವಾ, ಅವ್ನು ಬಸ್ಸು ಹತ್ತಲ್ಲ ಅಂತ ಕಂಬ ಇಡ್ಕಂಡು ನಿಂತ್ಬುಟ್ಟಿದ್ದ. ದೇಸ ಬುಟ್ಟೋದ್ರೆ ಉಳ್ಕಂತಾನೆ ಅಂತ, ನಾನೇ ಕೈ ಬುಡ್ಸಿ, ನಾನೇ ರಟ್ಟೆ ಇಡ್ದು, ಆ ಮೇಷ್ಟ್ರು ಪಕ್ಕದಾಗೆ ಕೂರಿಸ್ಬುಟ್ಟು ಬಂದೆ."